ಇಂಗ್ಲಿಷಿನಲ್ಲಿ ಸಂಪ್ರದಾನದ ಚರಿತ್ರೆ

೧

ಇಂಗ್ಲಿಷ್ ಕಲಿಯುವ ಮಕ್ಕಳಿರುವ ಮನೆಗಳಲ್ಲಿ ಎಲ್ಲರಿಗೂ ಪರಿಚಿತವಾದ ಅಭ್ಯಾಸಪಾಠವೊಂದುಂಟು. ‘ಹಿ ಗೇವ್ ಹಿಸ್ ಬ್ರದರ್ ಎ ಬುಕ್’ ಎಂಬಂತಹ ವಾಕ್ಯವನ್ನು ಕೊಟ್ಟು, ಅರ್ಥ ಕೆಡದಂತೆ ಪ್ರಿಪೊಜಿಷನ್ ಸೇರಿಸಿ ತಿರುಗಿ ಬರೆಯಿರೆಂದು ಕೇಳುವುದು ಆ ಪಾಠದ ಕ್ರಮ. ‘ಹಿ ಗೇವ್ ಎ ಬುಕ್ ಟು ಹಿಸ್ ಬ್ರದರ್’ ಎಂದು ಬರೆದರೆ ಉತ್ತರ ಸರಿಯಾಯಿತು. ಕೆಲವು ದಿನಗಳ ಹಿಂದೆ ನನ್ನ ತಂಗಿಯ ಮಗನು ಇಂತಹ ಹತ್ತು ವಾಕ್ಯಗಳನ್ನು ತಿರುಗಿಸಿ ಮುಗಿಸಿದ ಮೇಲೆ, ‘ಮಾವ, ಕನ್ನಡಕ್ಕೆ ತಂದರೆ ಎರಡೂ ಒಂದೇ ಆಗುತ್ತವೆ. ತಮ್ಮನಿಗೆ ಪುಸ್ತಕವನ್ನು ಕೊಟ್ಟನು, ಅಷ್ಟೆ. ಇವರು ಎರಡು ವಾಕ್ಯಗಳನ್ನು ಏಕೆ ಇಟ್ಟುಕೊಂಡಿದ್ದಾರೆ?’ ಎಂದು ಕೇಳಿದನು.

‘ಅದು ಅವರ ಭಾಷೆಯ ನಿಯಮ’ ಎಂದು ಹೇಳಿ ಸುಮ್ಮನಾಗುವುದು ಸುಲಭ. ನಾನು ವಿದ್ಯಾರ್ಥಿಯಾಗಿದ್ದಾಗ ನನಗೆ ದೊರೆತ ಉತ್ತರವೂ ಅದೇ. ಒಮ್ಮೆ ತರಗತಿಯಲ್ಲಿ ಎದ್ದು ನಿಂತು ‘ಪ್ಲೀಸ್ ಎಕ್ಸ್‌ಪ್ಲೇನ್ ಮಿ ದಿಸ್ ಲೆಸನ್’ ಎಂದು ಕೇಳಿದೆನು. ಉಪಾಧ್ಯಾಯರು ನಕ್ಕರು, ಅವರು ನಕ್ಕುದರಿಂದ ತರಗತಿಯೆಲ್ಲ ನಕ್ಕಿತು. ‘ಗಿವ್ ಮಿ’ ಎನ್ನಬಹುದು, ‘ಟೆಲ್ ಮಿ’ ಎನ್ನಬಹುದು, ‘ಎಕ್ಸ್‌ಪ್ಲೇನ್ ಮಿ’ ಎಂದು ಮಾತ್ರ ಏಕೆ ಅನ್ನಕೂಡದೆಂಬುದನ್ನು ಯಾರೂ ಹೇಳಲಿಲ್ಲ. ಆ ದಿನದ ಪಾಠ ಯಾವುದೆಂಬುದು ಮರೆತುಹೋಗಿದೆ. ಆ ನಗೆ ಮರೆತಿಲ್ಲ. ಕಾರಣವನ್ನು ಹುಡುಕಿಕೊಂಡು ಹೋದಾಗ, ಇದು ವ್ಯಾಕರಣಕ್ಕಿಂತ ಹೆಚ್ಚಾಗಿ ಚರಿತ್ರೆಗೆ ಸೇರಿದ ಪ್ರಶ್ನೆಯೆಂದು ತಿಳಿದುಬಂತು. ಆ ಎರಡು ವಾಕ್ಯಗಳು ಒಂದೇ ಮನೆಯ ಹಳೆಯ ಅಂಕಣ, ಹೊಸ ಅಂಕಣಗಳಂತೆ ಬೇರೆ ಬೇರೆ ಕಾಲದಲ್ಲಿ ಎದ್ದವು. ಆ ಮನೆಯ ಕಥೆಯನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಮೊದಲು ಪರಿಭಾಷೆಯನ್ನು ಸ್ಪಷ್ಟಪಡಿಸಿಕೊಳ್ಳೋಣ. ಕೊಡುವ ಕ್ರಿಯೆಯಲ್ಲಿ ಮೂವರು ಸೇರುತ್ತಾರೆ: ಕೊಡುವವನು, ಕೊಡಲ್ಪಡುವ ವಸ್ತು, ಪಡೆಯುವವನು. ವಸ್ತುವು ಕರ್ಮ, ಆ ಕರ್ಮದ ಮೂಲಕ ಕರ್ತೃವು ಯಾರನ್ನು ಉದ್ದೇಶಿಸುವನೋ ಅವನು ಸಂಪ್ರದಾನವೆಂದು ಪಾಣಿನಿಯ ಮತ. ಇಂಗ್ಲಿಷ್ ವೈಯಾಕರಣರು ಪಡೆಯುವವನನ್ನು ಗೌಣಕರ್ಮವೆಂಬ ಅರ್ಥದ ಹೆಸರಿನಿಂದ ಕರೆಯುತ್ತಾರೆ. ಪಾಣಿನಿಯು ಕಾರಕವನ್ನೂ ವಿಭಕ್ತಿಯನ್ನೂ ಬೇರೆಬೇರೆಯಾಗಿ ಎಣಿಸಿದನೆಂಬುದನ್ನು ಇಲ್ಲಿ ನೆನಪಿಡಬೇಕು. ಕಾರಕವೆಂಬುದು ಸಂಬಂಧ, ವಿಭಕ್ತಿಯೆಂಬುದು ಆ ಸಂಬಂಧವನ್ನು ಹೊರುವ ವಾಹನ. ಸಂಬಂಧವು ಎಲ್ಲ ಭಾಷೆಗಳಿಗೂ ಬೇಕು. ವಾಹನವು ಮಾತ್ರ ಭಾಷೆಯಿಂದ ಭಾಷೆಗೆ, ಒಂದೇ ಭಾಷೆಯಲ್ಲಿ ಕಾಲದಿಂದ ಕಾಲಕ್ಕೆ ಬೇರೆಯಾಗಬಹುದು. ಇಂಗ್ಲಿಷಿನಲ್ಲಿ ಸಂಪ್ರದಾನವು ಮೂರು ವಾಹನಗಳನ್ನು ಏರಿ ಇಳಿದಿದೆ: ಮೊದಲು ಪ್ರತ್ಯಯ, ಆಮೇಲೆ ವಾಕ್ಯದಲ್ಲಿನ ಸ್ಥಾನ, ಅದರೊಡನೆಯೇ ನಾಮಪದಕ್ಕಿಂತ ಮೊದಲು ನಿಲ್ಲುವ ಅವ್ಯಯವಾದ ಪ್ರಿಪೊಜಿಷನ್.

೨

ಆಂಗ್ಲರೂ ಸ್ಯಾಕ್ಸನ್ನರೂ ಕ್ರಿ.ಶ. ಐದನೆಯ ಶತಮಾನದಲ್ಲಿ ಸಮುದ್ರವನ್ನು ದಾಟಿ ಬ್ರಿಟನ್ನಿಗೆ ಬಂದಾಗ ಅವರು ತಂದ ಮಾತು ವಿಭಕ್ತಿಗಳಿಂದ ತುಂಬಿದ ಮಾತಾಗಿದ್ದಿತು. ಪ್ರಥಮೆ, ದ್ವಿತೀಯೆ, ಚತುರ್ಥಿ, ಷಷ್ಠಿ ಎಂಬ ನಾಲ್ಕು ವಿಭಕ್ತಿಗಳು ಅದರಲ್ಲಿ ಸ್ಪಷ್ಟವಾಗಿದ್ದುವು. ತೃತೀಯೆಯ ಅವಶೇಷವೂ ಅಲ್ಲಲ್ಲಿ ಉಳಿದಿದ್ದಿತು. ಅರಸನಿಗೆ ಆ ಭಾಷೆಯಲ್ಲಿ ‘ಕ್ಯುನಿಂಗ್’ ಎಂದು ಹೆಸರು. ಅರಸನು ಎನ್ನಲು ‘ಸೆ ಕ್ಯುನಿಂಗ್’, ಅರಸನನ್ನು ಎನ್ನಲು ‘ಥೊನೆ ಕ್ಯುನಿಂಗ್’, ಅರಸನಿಗೆ ಎನ್ನಲು ‘ಥ್ಯಾಮ್ ಕ್ಯುನಿಂಗೆ’. ಈ ಕೊನೆಯ ರೂಪವನ್ನು ಕೇಳಿದ ಕನ್ನಡಿಗನಿಗೆ ‘ಅರಸಂಗೆ’ ಎಂಬ ಹಳಗನ್ನಡದ ರೂಪವು ನೆನಪಾಗದಿರದು. ಆದರೆ ಈ ಸಾಮ್ಯವು ಕೇವಲ ಆಕಸ್ಮಿಕ. ಅಲ್ಲಿನ ಗಕಾರವು ಶಬ್ದಕ್ಕೆ ಸೇರಿದುದು, ಪ್ರತ್ಯಯವು ಕೊನೆಯ ಎಕಾರ ಮಾತ್ರ. ನಮ್ಮಲ್ಲಿ ‘ಗೆ’ ಎಂಬ ಇಡಿಯ ಅಕ್ಷರವೇ ಪ್ರತ್ಯಯ. ಈ ಚಿಕ್ಕ ಭೇದದಿಂದ ಮುಂದೆ ದೊಡ್ಡ ಪರಿಣಾಮವಾಯಿತು.

ಪದದ ಕೊನೆಯೇ ಸಂಬಂಧವನ್ನು ತಿಳಿಸುತ್ತಿದ್ದುದರಿಂದ ಪದಗಳ ಕ್ರಮಕ್ಕೆ ಆಗ ಸ್ವಾತಂತ್ರ್ಯವಿದ್ದಿತು. ಬಿಷಪ್ಪನು ಅರಸನಿಗೆ ಪುಸ್ತಕವನ್ನು ಕೊಟ್ಟನೆಂದು ಹೇಳುವಾಗ ಅರಸನನ್ನು ಮುಂದಿಟ್ಟರೂ ಸರಿ, ಪುಸ್ತಕವನ್ನು ಮುಂದಿಟ್ಟರೂ ಸರಿ. ಹಳೆಯ ಬರಹಗಳಲ್ಲಿ ಎರಡು ಕ್ರಮಗಳೂ ಧಾರಾಳವಾಗಿ ದೊರೆಯುತ್ತವೆ. ‘ತಮ್ಮನಿಗೆ ಪುಸ್ತಕವನ್ನು ಕೊಟ್ಟನು’, ‘ಪುಸ್ತಕವನ್ನು ತಮ್ಮನಿಗೆ ಕೊಟ್ಟನು’ ಎಂದು ನಾವು ಹೇಗೆ ಬೇಕಾದರೂ ಹೇಳುವಂತೆಯೇ ಅವರೂ ಹೇಳುತ್ತಿದ್ದರು.

ಹಾಗಾದರೆ ‘ಟು’ ಎಂಬ ಅವ್ಯಯವು ಆಗ ಇರಲಿಲ್ಲವೆ? ಇದ್ದಿತು, ಆದರೆ ಅದರ ಮುಖ್ಯವಾದ ಕೆಲಸ ಬೇರೆ. ಕ್ರಿ.ಶ. ೮೭೧ರಿಂದ ೮೯೯ರ ವರೆಗೆ ವೆಸ್ಸೆಕ್ಸಿನಲ್ಲಿ ಆಳಿದ ಆಲ್ಫ್ರೆಡ್ ಅರಸನು ಪೋಪ್ ಗ್ರೆಗೊರಿಯ ಲ್ಯಾಟಿನ್ ಗ್ರಂಥವೊಂದನ್ನು ಇಂಗ್ಲಿಷಿಗೆ ಪರಿವರ್ತಿಸಿ, ತನ್ನ ರಾಜ್ಯದ ಪ್ರತಿಯೊಂದು ಬಿಷಪ್ ಪೀಠಕ್ಕೂ ಒಂದೊಂದು ಪ್ರತಿಯನ್ನೂ, ಅದರೊಡನೆ ಐವತ್ತು ಮ್ಯಾಂಕಸ್ ಬೆಲೆಯ ಒಂದು ಸೂಚಿಕೆಯನ್ನೂ ಕಳುಹಿಸುವುದಾಗಿ ಅದರ ಮುನ್ನುಡಿಯಲ್ಲಿ ಬರೆದಿದ್ದಾನೆ. ಅಲ್ಲಿ ಬಿಷಪ್ ಪೀಠವೆಂಬ ಪದದ ಮೊದಲು ‘ಟು’ ಎಂಬ ಅವ್ಯಯವಿದೆ. ವೂಸ್ಟರಿಗೆ ಹೋದ ಪ್ರತಿಯು ಈಗಲೂ ಆಕ್ಸ್‌ಫರ್ಡಿನ ಬೋಡ್ಲಿಯನ್ ಗ್ರಂಥಾಲಯದಲ್ಲಿ ಉಳಿದಿದೆ. ಈ ಪುಸ್ತಕವು ವೂಸ್ಟರಿಗೆ ಹೋಗತಕ್ಕದ್ದು ಎಂಬ ಅರ್ಥದ ತಲೆಬರಹವು ಅದರ ಮೇಲಿದ್ದು, ಅಲ್ಲಿಯೂ ಊರಿನ ಹೆಸರಿನ ಮೊದಲು ‘ಟು’ ಇದೆ. ಹೀಗೆ ‘ಟು’ ಎಂಬುದು ಮೊದಲು ದಾರಿಯನ್ನು ತೋರುವ ಮಾತು. ಗಮ್ಯಸ್ಥಾನವನ್ನು ಅದು ಸೂಚಿಸುತ್ತಿದ್ದಿತು. ಮಾತನಾಡುವ ಕ್ರಿಯೆಯೊಡನೆ ಕೇಳುವವನನ್ನು ಸೂಚಿಸಲೂ ಅದನ್ನು ಬಳಸುವುದುಂಟು. ಕೊಡುವ ಕ್ರಿಯೆಯೊಡನೆ ಪಡೆಯುವವನಿಗೆ ಮಾತ್ರ ಸಾಮಾನ್ಯವಾಗಿ ಬರಿಯ ಚತುರ್ಥಿಯೇ ಸಾಕಾಗಿದ್ದಿತು.

ಆ ಕಾಲದ ಚತುರ್ಥಿಯು ಕೊಡುವ ಮಾತುಗಳಲ್ಲಿ ಮಾತ್ರವೇ ಇದ್ದಿತೆಂದು ತಿಳಿಯಬಾರದು. ಹಸಿವು, ಬಾಯಾರಿಕೆ, ಇಷ್ಟ, ತೋರಿಕೆ ಇವುಗಳನ್ನು ಹೇಳುವಾಗಲೂ ಅನುಭವಿಸುವವನು ಚತುರ್ಥಿಯಲ್ಲಿ ನಿಲ್ಲಬಹುದಾಗಿದ್ದಿತು. ನನಗೆ ಹಸಿಯುತ್ತದೆ, ನನಗೆ ಹಿಡಿಸುತ್ತದೆ, ನನಗೆ ತೋರುತ್ತದೆ ಎಂಬ ನಮ್ಮ ಮಾತುಗಳಿಗೆ ಅಕ್ಷರಶಃ ಸಮನಾದ ಮಾತುಗಳು ಆಲ್ಫ್ರೆಡನ ಇಂಗ್ಲಿಷಿನಲ್ಲಿ ಇದ್ದುವು. ಈಗಿನ ಇಂಗ್ಲಿಷಿನಲ್ಲಿ ಹಳತೆಂದು ತೋರುವ ‘ಮಿಥಿಂಕ್ಸ್’ ಎಂಬ ಪದವು ಅದೇ ‘ನನಗೆ ತೋರುತ್ತದೆ’ ಎಂಬುದರ ಅವಶೇಷ. ಅದರಲ್ಲಿರುವ ‘ಮಿ’ ಕರ್ತೃವಲ್ಲ; ಚತುರ್ಥಿ.

೩

ಇಷ್ಟು ಸಮೃದ್ಧವಾಗಿದ್ದ ವಿಭಕ್ತಿಗಳು ಹಾಳಾದುದು ಹೇಗೆ? ೧೦೬೬ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದುದೇ ಕಾರಣವೆಂದು ಅನೇಕರು ನಂಬಿರುವುದುಂಟು. ಆದರೆ ಗೋಡೆಯು ಅದಕ್ಕೆ ಮೊದಲೇ ಬಿರುಕು ಬಿಟ್ಟಿದ್ದಿತು. ಜರ್ಮಾನಿಕ್ ವರ್ಗದ ಭಾಷೆಗಳಲ್ಲಿ ಪದದ ಮೊದಲ ಭಾಗದ ಮೇಲೆ ಸ್ವರಭಾರ ಬೀಳುತ್ತದೆ, ಕೊನೆಯು ತೇಲಿಹೋಗುತ್ತದೆ. ಇದರಿಂದ ಪದಾಂತ್ಯದ ಅಕಾರ, ಒಕಾರ, ಉಕಾರ, ಎಕಾರಗಳೆಲ್ಲ ಕ್ರಮೇಣ ಒಂದೇ ಬಗೆಯ ಮಂದಸ್ವರವಾದುವು. ಚತುರ್ಥೀ ಬಹುವಚನದ ‘ಉಮ್’ ಪ್ರತ್ಯಯವು ‘ಅನ್’ ಆಗಿ, ‘ಎನ್’ ಆಗಿ, ಬರಿಯ ಎಕಾರವಾಗಿ, ಕೊನೆಗೆ ಮೌನವಾಯಿತು. ಕಿವಿಗೆ ಭೇದ ತಿಳಿಯದ ಪ್ರತ್ಯಯವು ಬುದ್ಧಿಗೆ ಎಷ್ಟು ದಿನ ನೆರವಾದೀತು?

ಇದರೊಡನೆ ಡೇನರ ಸಂಪರ್ಕವೂ ಸೇರಿತು. ೮೭೮ರಲ್ಲಿ ಆಲ್ಫ್ರೆಡನಿಂದ ಸೋತ ಡೇನರು ದೇಶವನ್ನು ಬಿಟ್ಟುಹೋಗದೆ ಪೂರ್ವ ಮತ್ತು ಉತ್ತರ ಭಾಗಗಳಲ್ಲಿ ನೆಲಸಿದರು. ೧೦೧೬ರಲ್ಲಿ ಅವರ ಕನ್ಯೂಟನು ಇಂಗ್ಲೆಂಡಿಗೇ ಅರಸನಾದನು. ಅವರ ಭಾಷೆಯಲ್ಲಿಯೂ ಇಂಗ್ಲಿಷಿನಲ್ಲಿಯೂ ಎಷ್ಟೋ ಧಾತುಗಳು ಒಂದೇ; ಪ್ರತ್ಯಯಗಳು ಮಾತ್ರ ಬೇರೆ. ಸಂತೆಯಲ್ಲಿ, ಹೊಲದ ಗಡಿಯಲ್ಲಿ, ಬೀಗರ ಮನೆಯಲ್ಲಿ ಇವರಿಬ್ಬರೂ ಮಾತನಾಡುವಾಗ ಧಾತುವು ತಿಳಿದರೆ ಸಾಕು, ಪ್ರತ್ಯಯವು ತೊಡಕೇ ಆಗಿದ್ದಿರಬೇಕೆಂದು ಅನೇಕ ವಿದ್ವಾಂಸರ ಊಹೆ. ವಿಭಕ್ತಿಯ ನಾಶವು ಡೇನರು ನೆಲಸಿದ ಕಡೆಗಳಲ್ಲಿ ಮೊದಲು ಮುಂದುವರಿದು, ದಕ್ಷಿಣದಲ್ಲಿ ತಡವಾಗಿ ಆಯಿತೆಂಬುದು ಈ ಊಹೆಗೆ ಪೋಷಕವಾಗಿದೆ. ನಾರ್ಮನ್ನರ ಜಯದಿಂದ ಆದುದೇನೆಂದರೆ, ಆಸ್ಥಾನದ ಇಂಗ್ಲಿಷ್ ಬರಹಕ್ಕಿದ್ದ ಮನ್ನಣೆಯು ತಪ್ಪಿತು; ಹಳೆಯ ರೂಪಗಳನ್ನು ಕಾಪಾಡುತ್ತಿದ್ದ ಲಿಪಿಕಾರರ ಶಿಸ್ತು ಸಡಿಲಿತು; ಜನರು ಆಡುತ್ತಿದ್ದುದು ಬರಹದಲ್ಲಿ ಕಾಣಿಸಿಕೊಂಡಿತು. ಪೀಟರ್‌ಬರೊ ಮಠದಲ್ಲಿ ೧೧೫೪ರ ವರೆಗೆ ಇಂಗ್ಲಿಷಿನಲ್ಲಿಯೇ ನಡೆದುಬಂದ ವೃತ್ತಾಂತವನ್ನು ಓದುವವರಿಗೆ ಈ ಬದಲಾವಣೆಯು ಕಣ್ಣಿಗೆ ಕಟ್ಟಿದಂತೆ ಕಾಣುತ್ತದೆ. ಅದರ ಕೊನೆಯ ಪುಟಗಳನ್ನು ತಲುಪುವ ಹೊತ್ತಿಗೆ ವಿಭಕ್ತಿಗಳು ಬಹುಮಟ್ಟಿಗೆ ಕುಸಿದಿವೆ.

ಸರ್ವನಾಮಗಳ ಕಥೆಯು ಇನ್ನೂ ಸ್ವಾರಸ್ಯವಾದುದು. ‘ಅವನನ್ನು’ ಎಂಬುದಕ್ಕೆ ‘ಹಿನೆ’ ಎಂದೂ, ‘ಅವನಿಗೆ’ ಎಂಬುದಕ್ಕೆ ‘ಹಿಮ್’ ಎಂದೂ ಮೊದಲು ಎರಡು ರೂಪಗಳಿದ್ದುವು. ಇವೆರಡರಲ್ಲಿ ದ್ವಿತೀಯೆಯು ಸತ್ತು ಚತುರ್ಥಿಯೇ ಉಳಿಯಿತು. ಈಗ ದ್ವಿತೀಯೆಯಂತೆ ಬಳಕೆಯಾಗುವ ‘ಹಿಮ್’, ‘ದೆಮ್’, ‘ಹೂಮ್’ ಎಂಬ ಮೂರೂ ಹುಟ್ಟಿನಿಂದ ಚತುರ್ಥಿಯ ರೂಪಗಳೇ. ‘ದೆಮ್’ ಎಂಬುದು ಡೇನರ ವರ್ಗದ ಭಾಷೆಯಿಂದ ಬಂದ ಚತುರ್ಥಿ. ಚತುರ್ಥಿಯು ಸತ್ತಿತೆಂದು ನಾವು ದುಃಖಿಸುವಾಗ ಅದರ ಬಟ್ಟೆಯು ನೆರೆಮನೆಯವನ ಮೈಮೇಲೆ ಇನ್ನೂ ಕಾಣುತ್ತಿರುತ್ತದೆ.

೪

ಪ್ರತ್ಯಯವು ಹೋದ ಮೇಲೆ ಸಂಪ್ರದಾನಕ್ಕೆ ವಾಹನವು ಬೇಕಷ್ಟೆ. ಇಬ್ಬರು ಅಭ್ಯರ್ಥಿಗಳು ಮುಂದೆ ಬಂದರು. ಮೊದಲನೆಯದು ಸ್ಥಾನ: ಪಡೆಯುವವನು ಮುಂದೆ, ವಸ್ತುವು ಹಿಂದೆ. ಮೊದಲು ಸ್ವತಂತ್ರವಾಗಿದ್ದ ಎರಡು ಕ್ರಮಗಳಲ್ಲಿ ಒಂದು ಗಟ್ಟಿಗೊಂಡು, ಆ ಸ್ಥಾನವೇ ಪ್ರತ್ಯಯದ ಕೆಲಸವನ್ನು ಮಾಡತೊಡಗಿತು. ಎರಡನೆಯದು ‘ಟು’. ಊರಿನ ದಾರಿಯನ್ನು ತೋರುತ್ತಿದ್ದ ಈ ಅವ್ಯಯವು ಹನ್ನೆರಡು ಹದಿಮೂರನೆಯ ಶತಮಾನಗಳಲ್ಲಿ ಪಡೆಯುವ ವ್ಯಕ್ತಿಯ ಕಡೆಗೂ ಕೈತೋರಿಸಲು ಆರಂಭಿಸಿತು. ಫ್ರೆಂಚಿನಲ್ಲಿ ‘ಆ’ ಎಂಬ ಪ್ರಿಪೊಜಿಷನ್ನು ಇದೇ ಕೆಲಸವನ್ನು ಮಾಡುತ್ತಿದ್ದುದರಿಂದ, ಎರಡು ಭಾಷೆಗಳನ್ನೂ ಬಲ್ಲವರ ಬಾಯಲ್ಲಿ ‘ಟು’ವಿಗೆ ಬೆಂಬಲ ದೊರೆತಿರಬೇಕು, ಆ ಪ್ರಭಾವವು ಎಷ್ಟೆಂಬುದರಲ್ಲಿ ಮಾತ್ರ ಭಿನ್ನಾಭಿಪ್ರಾಯವುಂಟು. ೧೪೦೦ರಲ್ಲಿ ತೀರಿಕೊಂಡ ಚಾಸರ್ ಕವಿಯ ಕಾಲಕ್ಕೆ ಎರಡು ರಚನೆಗಳೂ ಇಂಗ್ಲಿಷಿನಲ್ಲಿ ಅಕ್ಕಪಕ್ಕದಲ್ಲಿ ನೆಲಸಿದ್ದುವು. ನಮ್ಮ ಬಾಲಕರ ಅಭ್ಯಾಸಪುಸ್ತಕದ ಎರಡು ವಾಕ್ಯಗಳು ಹೀಗೆ ಹುಟ್ಟಿದುವು.

ಇಬ್ಬರಲ್ಲಿ ಒಬ್ಬರು ಸೋತು ಹೋಗಬೇಕಾಗಿದ್ದಿತು, ಹೋಗಲಿಲ್ಲ. ಕೆಲಸವನ್ನು ಹಂಚಿಕೊಂಡರು. ಈ ಹಂಚಿಕೆಯೇ ಪಠ್ಯಪುಸ್ತಕಗಳು ಸಾಮಾನ್ಯವಾಗಿ ಹೇಳದೆ ಬಿಡುವ ವಿಷಯ.

ಹಂಚಿಕೆಯ ಮೊದಲನೆಯ ಸೂತ್ರವು ಭಾರಕ್ಕೆ ಸಂಬಂಧಿಸಿದುದು. ಹಗುರವಾದ ಮಾತು ಮುಂದೆ, ಭಾರವಾದ ಮಾತು ಹಿಂದೆ ಬರುವ ಒಲವನ್ನು ಜರ್ಮನಿಯ ಓಟೊ ಬೆಹಾಗೆಲ್ ಎಂಬ ಪಂಡಿತನು ೧೯೦೯ರಲ್ಲಿ ನಿಯಮರೂಪದಲ್ಲಿ ಹೇಳಿದನು. ಪಡೆಯುವವನು ‘ಮಿ’, ‘ಹಿಮ್’ ಎಂಬ ಚಿಕ್ಕ ಸರ್ವನಾಮವಾದರೆ ಅವನನ್ನು ಮುಂದಿಡುವುದು ಸಹಜ. ಅವನ ವರ್ಣನೆಯು ಒಂದು ಸಾಲಿನಷ್ಟು ಉದ್ದವಾದರೆ ಅವನನ್ನು ‘ಟು’ವಿನೊಡನೆ ಕೊನೆಗೆ ಕಳುಹಿಸುವುದು ಸಹಜ. ಆಗಲೇ ತಿಳಿದಿರುವುದು ಮುಂದೆ, ಹೊಸದು ಹಿಂದೆ ಎಂಬುದೂ ಇದಕ್ಕೆ ಸೇರಿದುದೇ. ಅಮೆರಿಕದ ಜೋನ್ ಬ್ರೆಸ್ನನ್ ಮತ್ತು ಅವರ ಸಂಗಡಿಗರು ೨೦೦೭ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ದೂರವಾಣಿಯ ಸಂಭಾಷಣೆಗಳಿಂದ ಎತ್ತಿದ ಎರಡು ಸಾವಿರಕ್ಕೂ ಮಿಕ್ಕ ವಾಕ್ಯಗಳನ್ನು ಪರೀಕ್ಷಿಸಿ, ಇಂತಹ ಹಲವು ಒಲವುಗಳನ್ನು ಒಟ್ಟುಗೂಡಿಸಿದರೆ ಮಾತನಾಡುವವನು ಯಾವ ರಚನೆಯನ್ನು ಆರಿಸುವನೆಂಬುದನ್ನು ಬಹುಪಾಲು ಮೊದಲೇ ಊಹಿಸಬಹುದೆಂದು ತೋರಿಸಿದರು. ಮಾತನಾಡುವವನು ನಿಯಮವನ್ನು ಅರಿಯನು, ಆದರೂ ಪಾಲಿಸುತ್ತಾನೆ.

ಎರಡನೆಯ ಸೂತ್ರವು ಅರ್ಥಕ್ಕೆ ಸಂಬಂಧಿಸಿದುದು. ‘ಐ ಸೆಂಟ್ ಎ ಲೆಟರ್ ಟು ಲಂಡನ್’ ಎನ್ನಬಹುದು. ಅದನ್ನು ತಿರುಗಿಸಿ ‘ಐ ಸೆಂಟ್ ಲಂಡನ್ ಎ ಲೆಟರ್’ ಎಂದರೆ ಇಂಗ್ಲಿಷರ ಕಿವಿಗೆ ಅದು ಒಪ್ಪುವುದು, ಲಂಡನ್ ಎಂದರೆ ಅಲ್ಲಿನ ಕಚೇರಿಯವರೆಂದು ತಿಳಿದಾಗ ಮಾತ್ರ. ಏಕೆಂದರೆ ಪ್ರಿಪೊಜಿಷನ್ ಇಲ್ಲದ ರಚನೆಯು ಹಳೆಯ ಚತುರ್ಥಿಯ ಮನೆ. ಅಲ್ಲಿ ಪಡೆದು ತನ್ನದಾಗಿಸಿಕೊಳ್ಳಬಲ್ಲವನಿಗೆ ಮಾತ್ರ ಪ್ರವೇಶ. ‘ಟು’ ಇರುವ ರಚನೆಯು ಹಳೆಯ ದಾರಿಯ ಮಾತು. ಊರಿಗೂ ವ್ಯಕ್ತಿಗೂ ಅಲ್ಲಿ ಎಡೆಯುಂಟು. ಆಲ್ಫ್ರೆಡನ ಪುಸ್ತಕದ ತಲೆಬರಹದಲ್ಲಿದ್ದ ‘ಟು’ವಿನ ನೆನಪು ಸಾವಿರದ ನೂರು ವರ್ಷಗಳ ಮೇಲೆಯೂ ಅಳಿದಿಲ್ಲ. ಕನ್ನಡದಲ್ಲಿ ಊರಿಗೂ ‘ಗೆ’, ಅಣ್ಣನಿಗೂ ‘ಗೆ’ ಆದುದರಿಂದ ನಮ್ಮ ಮಕ್ಕಳಿಗೆ ಈ ಭೇದವು ತಾನಾಗಿ ಹೊಳೆಯುವುದಿಲ್ಲ, ತಿಳಿಸಿ ಹೇಳಬೇಕಾಗುತ್ತದೆ.

‘ಟು’ ಅಲ್ಲದೆ ‘ಫಾರ್’ ಎಂಬುದೂ ಈ ಕೆಲಸದಲ್ಲಿ ಪಾಲುಗೊಂಡಿತು. ಕೊಡು, ಕಳುಹಿಸು, ತೋರಿಸು, ಹೇಳು ಎಂಬ ಕ್ರಿಯೆಗಳಲ್ಲಿ ಪಡೆಯುವವನು ಇಲ್ಲದೆ ಕ್ರಿಯೆಯೇ ಪೂರ್ಣವಾಗದು. ಅಂತಹ ಕಡೆ ‘ಟು’. ಕೊಳ್ಳು, ಮಾಡು, ಹುಡುಕು ಎಂಬ ಕ್ರಿಯೆಗಳು ಪಡೆಯುವವನಿಲ್ಲದೆಯೂ ನಡೆಯುತ್ತವೆ; ಅವನ ಹಿತವು ಮೇಲಿನ ಸೇರ್ಪಡೆ. ಅಂತಹ ಕಡೆ ‘ಫಾರ್’. ಮಗನಿಗೆ ಅಂಗಿಯನ್ನು ಕೊಟ್ಟನೆಂಬಲ್ಲಿ ‘ಗೆ’ಯನ್ನು ಬದಲಿಸಲಾಗದು, ಮಗನಿಗೆ ಅಂಗಿಯನ್ನು ಕೊಂಡನೆಂಬಲ್ಲಿ ‘ಮಗನಿಗಾಗಿ’, ‘ಮಗನಿಗೋಸ್ಕರ’ ಎಂದರೂ ನಡೆಯುತ್ತದೆ. ಈ ಪರೀಕ್ಷೆಯಿಂದ ನಮ್ಮ ಬಾಲಕನು ‘ಟು’, ‘ಫಾರ್’ಗಳ ಭೇದವನ್ನು ಪಟ್ಟಿಯನ್ನು ಬಾಯಿಪಾಠ ಮಾಡದೆಯೇ ಬಹುಮಟ್ಟಿಗೆ ತಿಳಿಯಬಲ್ಲನು. ಎರಡಕ್ಕೂ ಹೊರಗಾದ ಮಾತುಗಳೂ ಇಲ್ಲದಿಲ್ಲ. ಪ್ರಶ್ನೆಯನ್ನು ಕೇಳುವಾಗ ‘ಆಸ್ಕ್’ ಎಂಬುದು ‘ಆಫ್’ ಅನ್ನು ಬೇಡುತ್ತದೆ. ‘ಇಟ್ ಕಾಸ್ಟ್ ಮಿ ಫೈವ್ ರುಪೀಸ್’ ಎಂಬುದನ್ನು ಯಾವ ಪ್ರಿಪೊಜಿಷನ್ನಿನಿಂದಲೂ ತಿರುಗಿಸಲಾಗದು.

ಇನ್ನು ನನ್ನನ್ನು ನಗೆಗೀಡುಮಾಡಿದ ‘ಎಕ್ಸ್‌ಪ್ಲೇನ್’. ಪ್ರಿಪೊಜಿಷನ್ ಇಲ್ಲದ ಹಳೆಯ ರಚನೆಯು ಮುಖ್ಯವಾಗಿ ಇಂಗ್ಲಿಷಿನ ಮನೆಮಾತುಗಳ ಸೊತ್ತು. ಗಿವ್, ಸೆಂಡ್, ಟೆಲ್, ಶೋ, ಲೆಂಡ್ ಎಂಬ ಗಿಡ್ಡ ಮಾತುಗಳು ಅದರಲ್ಲಿ ಸುಖವಾಗಿ ಇರುತ್ತವೆ. ಲ್ಯಾಟಿನ್ನಿನಿಂದಲೂ ಫ್ರೆಂಚಿನಿಂದಲೂ ಆಮೇಲೆ ಬಂದ ಎಕ್ಸ್‌ಪ್ಲೇನ್, ಡೊನೇಟ್, ಡಿಸ್ಕ್ರೈಬ್ ಮುಂತಾದ ವಿದ್ವನ್ಮಾತುಗಳು ‘ಟು’ವಿನೊಡನೆಯೇ ಬಂದು, ‘ಟು’ವಿನೊಡನೆಯೇ ಉಳಿದುವು. ಈ ನಿಯಮಕ್ಕೆ ಅಪವಾದಗಳಿಲ್ಲದಿಲ್ಲ. ‘ಪ್ರಾಮಿಸ್’, ‘ಆಫರ್’ ಮೊದಲಾದುವು ಬಂದವರಾದರೂ ಮನೆಯವರಂತೆ ಆಗಿಹೋದುವು. ಆದರೂ ಬಹುಮಟ್ಟಿಗೆ ಇದು ನಿಜ. ‘ಎಕ್ಸ್‌ಪ್ಲೇನ್ ಮಿ’ ಎಂಬುದು ತಪ್ಪಾಗಿರುವುದಕ್ಕೆ ತರ್ಕವು ಕಾರಣವಲ್ಲ, ವಂಶಾವಳಿಯು ಕಾರಣ. ‘ನನಗೆ ವಿವರಿಸಿ’ ಎಂಬ ಕನ್ನಡವನ್ನು ಮನಸ್ಸಿನಲ್ಲಿಟ್ಟುಕೊಂಡ ಬಾಲಕನು ‘ಗಿವ್ ಮಿ’ಯ ದಾರಿಯನ್ನು ಹಿಡಿದುದು ಮೂಢತನವಾಗಿರಲಿಲ್ಲ. ಇಷ್ಟನ್ನು ಆ ದಿನ ಯಾರಾದರೂ ಹೇಳಿದ್ದರೆ ನಗೆಗೆ ಬದಲು ಪಾಠವು ನೆನಪಿನಲ್ಲಿ ಉಳಿಯುತ್ತಿದ್ದಿತು.

೫

ಪ್ರತ್ಯಯದ ನಾಶದಿಂದ ಆದ ಇನ್ನೊಂದು ಮಾರ್ಪಾಟನ್ನು ಡೆನ್ಮಾರ್ಕಿನ ಓಟೊ ಯೆಸ್ಪರ್ಸನ್ನನು ಒಂದು ಸುಂದರವಾದ ಉದಾಹರಣೆಯಿಂದ ವಿವರಿಸಿದ್ದಾನೆ. ಅರಸನಿಗೆ ಪೇರುಹಣ್ಣುಗಳು ಹಿಡಿಸಿದುವು ಎಂಬ ಅರ್ಥದ ವಾಕ್ಯವು ಹಳೆಯ ಇಂಗ್ಲಿಷಿನಲ್ಲಿ ಅರಸನ ಚತುರ್ಥಿಯಿಂದ ಆರಂಭವಾಗುತ್ತಿದ್ದಿತು, ಹಣ್ಣುಗಳೇ ಕರ್ತೃ. ಚತುರ್ಥಿಯ ಗುರುತು ಅಳಿದುಹೋದ ಮೇಲೆ ಮೊದಲಲ್ಲಿ ನಿಂತ ಅರಸನನ್ನೇ ಜನರು ಕರ್ತೃವೆಂದು ಭಾವಿಸಿದರು. ಹಣ್ಣು ಅರಸನಿಗೆ ಹಿಡಿಸಿತು ಎಂಬುದು ಅರಸನು ಹಣ್ಣನ್ನು ಮೆಚ್ಚಿದನು ಎಂದಾಯಿತು. ‘ಲೈಕ್’ ಎಂಬ ಕ್ರಿಯೆಯ ಅರ್ಥವೇ ತಿರುಗಿಬಿದ್ದಿತು. ಹೀಗೆಯೇ ‘ನನಗೆ ತೋರುತ್ತದೆ’ ಎಂಬುದು ‘ನಾನು ಯೋಚಿಸುತ್ತೇನೆ’ ಎಂಬುದರಲ್ಲಿ ಲೀನವಾಯಿತು. ಪುಸ್ತಕವನ್ನು ಪಡೆದವನನ್ನೇ ಕರ್ತೃವಿನ ಪೀಠದಲ್ಲಿ ಕೂರಿಸುವ ‘ಹಿ ವಾಸ್ ಗಿವನ್ ಎ ಬುಕ್’ ಎಂಬ ಕರ್ಮಣಿ ಪ್ರಯೋಗವೂ ಈ ಗೊಂದಲದ ತರುವಾಯ ತಲೆಯೆತ್ತಿದುದೇ. ಹಳೆಯ ಇಂಗ್ಲಿಷಿನಲ್ಲಿ ‘ಅವನಿಗೆ ಪುಸ್ತಕವು ಕೊಡಲ್ಪಟ್ಟಿತು’ ಎಂದು ನಮ್ಮಂತೆಯೇ ಹೇಳಬೇಕಾಗಿದ್ದಿತು.

ಮೆಚ್ಚಿಕೆಯ ಅರ್ಥವುಳ್ಳ ಕ್ರಿಯೆಗಳಲ್ಲಿ ಮೆಚ್ಚುವವನಿಗೆ ಸಂಪ್ರದಾನವೆಂಬ ಸಂಜ್ಞೆಯನ್ನು ಪಾಣಿನಿಯು ಪ್ರತ್ಯೇಕವಾಗಿ ವಿಧಿಸಿದ್ದಾನೆ. ಸಂಸ್ಕೃತ, ಹಳೆಯ ಇಂಗ್ಲಿಷ್, ಕನ್ನಡ ಈ ಮೂರೂ ಈ ವಿಷಯದಲ್ಲಿ ಒಂದೇ ಪಂಕ್ತಿಯಲ್ಲಿ ಕುಳಿತಿದ್ದುವು. ಇಂಗ್ಲಿಷು ಎದ್ದುಹೋಯಿತು, ಕನ್ನಡವು ಇನ್ನೂ ಕುಳಿತಿದೆ. ಹಸಿವಾದರೂ ನನಗೆ, ನಿದ್ದೆ ಬಂದರೂ ನನಗೆ, ಬೇಕಾದರೂ ನನಗೆ, ಬೇಡವಾದರೂ ನನಗೆ.

೬

ಭಾಷೆಯು ಬದಲಾದುದನ್ನು ಇಂಗ್ಲಿಷ್ ವೈಯಾಕರಣರು ಒಪ್ಪಿಕೊಳ್ಳಲು ಇನ್ನೂ ಕೆಲವು ಶತಮಾನಗಳು ಹಿಡಿದುವು. ೧೫೮೬ರಲ್ಲಿ ವಿಲಿಯಮ್ ಬುಲ್ಲೋಕ್ಕರನು ಮೊದಲ ಇಂಗ್ಲಿಷ್ ವ್ಯಾಕರಣವನ್ನು ಪ್ರಕಟಿಸಿದಾಗ ಆಗಿನ ಶಾಲೆಗಳ ಲ್ಯಾಟಿನ್ ವ್ಯಾಕರಣವೇ ಅವನಿಗೆ ಎರಕದ ಅಚ್ಚಾಯಿತು. ಲ್ಯಾಟಿನ್ನಿನಲ್ಲಿ ಚತುರ್ಥಿಯಿರುವಾಗ ಇಂಗ್ಲಿಷಿನಲ್ಲಿಯೂ ಇರಲೇಬೇಕೆಂಬುದು ಆ ಕಾಲದ ವಿದ್ವಾಂಸರ ಮನೋಭಾವ. ಆಕ್ಸ್‌ಫರ್ಡಿನಲ್ಲಿ ರೇಖಾಗಣಿತದ ಪ್ರಾಧ್ಯಾಪಕನಾಗಿದ್ದ ಜಾನ್ ವಾಲಿಸನು ೧೬೫೩ರಲ್ಲಿ ಇದನ್ನು ಪ್ರತಿಭಟಿಸಿದನು. ಇತರ ಭಾಷೆಗಳಲ್ಲಿ ವಿಭಕ್ತಿಗಳು ಮಾಡುವ ಕೆಲಸವನ್ನು ಇಂಗ್ಲಿಷಿನಲ್ಲಿ ಪ್ರಿಪೊಜಿಷನ್ನುಗಳು ಮಾಡುತ್ತವೆಂದೂ, ಲ್ಯಾಟಿನ್ನಿನ ಚೌಕಟ್ಟನ್ನು ಅದರ ಮೇಲೆ ಹೇರುವುದು ಅನಾವಶ್ಯಕವೆಂದೂ ಅವನ ವಾದ. ಅವನು ಆ ಪುಸ್ತಕವನ್ನು ಬರೆದುದು ಲ್ಯಾಟಿನ್ನಿನಲ್ಲಿ ಎಂಬುದೊಂದು ವಿನೋದ. ರಾಬರ್ಟ್ ಲೌತನು ೧೭೬೨ರಲ್ಲಿಯೂ, ಲಿಂಡ್ಲಿ ಮರ್ರೆಯು ೧೭೯೫ರಲ್ಲಿಯೂ ಬರೆದ ವ್ಯಾಕರಣಗಳಲ್ಲಿ ನಾಮಪದಕ್ಕೆ ಚತುರ್ಥಿಯು ಉಳಿಯಲಿಲ್ಲ. ಅದು ಅಲ್ಲಿಗೂ ನಿಲ್ಲಲಿಲ್ಲ. ೧೯೧೧ರಲ್ಲಿ ಸೊನೆನ್‌ಶೈನನ ಮುಂದಾಳುತನದಲ್ಲಿ ಇಂಗ್ಲೆಂಡಿನ ಸಮಿತಿಯೊಂದು, ಎಲ್ಲ ಭಾಷೆಗಳಿಗೂ ಒಂದೇ ಪರಿಭಾಷೆಯಿರಲೆಂದು ಇಂಗ್ಲಿಷಿಗೆ ಮತ್ತೆ ಲ್ಯಾಟಿನ್ನಿನ ವಿಭಕ್ತಿಗಳ ಹೆಸರುಗಳನ್ನು ಸೂಚಿಸಿತು. ೧೯೨೪ರ ತನ್ನ ಗ್ರಂಥದಲ್ಲಿ ಯೆಸ್ಪರ್ಸನ್ನನು ಇದನ್ನು ಖಂಡಿಸಿ, ರೂಪದಲ್ಲಿ ಇಲ್ಲದ ವಿಭಕ್ತಿಯನ್ನು ಹೆಸರಿನಿಂದ ಹುಟ್ಟಿಸಲಾಗದೆಂದು ವಾದಿಸಿದನು. ಭಾರತದ ಶಾಲೆಗಳಲ್ಲಿ ಪ್ರಸಿದ್ಧವಾದ ನೆಸ್‌ಫೀಲ್ಡನ ವ್ಯಾಕರಣವೂ, ೧೯೩೦ರ ದಶಕದಲ್ಲಿ ಬಂದ ರೆನ್ ಮತ್ತು ಮಾರ್ಟಿನ್ನರ ವ್ಯಾಕರಣವೂ ಈ ದೀರ್ಘವಾದ ವಿವಾದದ ಫಲವನ್ನು ಮಾತ್ರ ನಮ್ಮ ಮಕ್ಕಳ ಕೈಗೆ ಕೊಟ್ಟುವು, ವಿವಾದವನ್ನು ಹೇಳಲಿಲ್ಲ.

ಇದೇ ಕಾಲದಲ್ಲಿ ನಮ್ಮ ನಾಡಿಗೆ ಸಂಬಂಧಿಸಿದ ಒಂದು ವಿಚಿತ್ರವೂ ನಡೆಯಿತು. ವಿಲಿಯಮ್ ಕೇರಿಯು ೧೮೧೭ರಲ್ಲಿ ಸೀರಾಂಪುರದಿಂದಲೂ, ಮೆಕೆರೆಲ್ಲನು ೧೮೨೦ರಲ್ಲಿ ಮದರಾಸಿನಿಂದಲೂ ಕನ್ನಡ ವ್ಯಾಕರಣಗಳನ್ನು ಇಂಗ್ಲಿಷಿನಲ್ಲಿ ಪ್ರಕಟಿಸಿದರು. ತಮ್ಮ ಮಾತಿನಲ್ಲಿ ಏಳೆಂಟು ಶತಮಾನಗಳ ಹಿಂದೆಯೇ ಅಳಿದುಹೋಗಿದ್ದ ಚತುರ್ಥಿಯು ಕನ್ನಡದಲ್ಲಿ ಜೀವಂತವಾಗಿ ಓಡಾಡುತ್ತಿದ್ದುದನ್ನು ಅವರು ಕಂಡರು. ಅದನ್ನು ತಮ್ಮವರಿಗೆ ತಿಳಿಸಲು ‘ಟು’ವಿನ ಹೊರತು ಅವರಿಗೆ ಬೇರೆ ಗತಿಯಿರಲಿಲ್ಲ. ೧೯೦೩ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ದೊಡ್ಡ ವ್ಯಾಕರಣದ ಕರ್ತೃವಾದ ಕಿಟ್ಟೆಲ್ ಜರ್ಮನ್ ದೇಶದವರು. ಅವರ ಮಾತೃಭಾಷೆಯಲ್ಲಿ ಚತುರ್ಥಿಯು ಇನ್ನೂ ಇದ್ದುದರಿಂದ ‘ಗೆ’ಯ ಪರಿಚಯವು ಅವರಿಗೆ ಹಳೆಯ ಗೆಳೆಯನ ಭೇಟಿಯಂತೆ ಆಗಿದ್ದಿರಬೇಕು.

೭

ನಮ್ಮ ‘ಗೆ’ ಏಕೆ ಉಳಿಯಿತು? ಅದು ಬರಿಯ ಸ್ವರವಲ್ಲ; ವ್ಯಂಜನದ ಬೆನ್ನೆಲುಬುಳ್ಳ ಇಡಿಯ ಅಕ್ಷರ. ಆಡುಮಾತಿನ ಅವಸರದಲ್ಲಿ ‘ಅವನಿಗೆ’ ಎಂಬುದು ‘ಅವನ್ಗೆ’ ಆದರೂ ನಡುವಿನ ಇಕಾರವು ಹೋಗುತ್ತದೆಯೇ ಹೊರತು ‘ಗೆ’ ಹೋಗುವುದಿಲ್ಲ. ಹಾಸನ ಜಿಲ್ಲೆಯ ಹಲ್ಮಿಡಿಯಲ್ಲಿ ದೊರೆತು, ಐದನೆಯ ಶತಮಾನದ್ದೆಂದು ಸಾಮಾನ್ಯವಾಗಿ ಎಣಿಸಲ್ಪಡುವ ಶಾಸನವು ಒಂದು ದಾನದ ಶಾಸನ. ಯುದ್ಧದಲ್ಲಿ ಗೆದ್ದ ವಿಜ ಅರಸನಿಗೆ ಎರಡು ಹಳ್ಳಿಗಳನ್ನು ಕೊಟ್ಟ ಸಂಗತಿಯು ಅದರಲ್ಲಿದೆ. ಪಡೆದವನ ಹೆಸರು ‘ವಿಜ ಅರಸಂಗೆ’ ಎಂದೇ ಅಲ್ಲಿ ನಿಂತಿದೆ. ಆಂಗ್ಲರು ತಮ್ಮ ಚತುರ್ಥಿಯೊಡನೆ ಬ್ರಿಟನ್ನಿನ ತೀರದಲ್ಲಿ ಇಳಿದ ಶತಮಾನವೂ ಅದೇ. ಅವರ ‘ಕ್ಯುನಿಂಗೆ’ ಮೌನವಾಗಿ ಎಂಟು ನೂರು ವರ್ಷಗಳಾದುವು. ಹಲ್ಮಿಡಿಯ ‘ಗೆ’ಯು ಕೇಶಿರಾಜನ ಸೂತ್ರಗಳನ್ನು ಹಾದು, ಈ ಹೊತ್ತು ನಮ್ಮ ಮಕ್ಕಳು ‘ನನಗೆ ಕೊಡು’ ಎಂದು ಕೈಚಾಚುವಾಗ ಅವರ ಬಾಯಲ್ಲಿದೆ.

ಇದರಿಂದ ಕನ್ನಡವು ಮೇಲು, ಇಂಗ್ಲಿಷು ಕೀಳು ಎಂದು ಹಿಗ್ಗುವುದು ಸರಿಯಲ್ಲ. ಪ್ರತ್ಯಯವನ್ನು ಕಳೆದುಕೊಂಡ ಇಂಗ್ಲಿಷು ಬಡವಾಗಲಿಲ್ಲ. ಕಳೆದುದಕ್ಕೆ ಎರಡು ಸಾಧನಗಳನ್ನು ಸಂಪಾದಿಸಿ, ಎರಡಕ್ಕೂ ಸೂಕ್ಷ್ಮವಾದ ಬೇರೆ ಬೇರೆ ಕೆಲಸಗಳನ್ನು ಕೊಟ್ಟಿತು. ವಿಭಕ್ತಿಯಿಲ್ಲದ ಭಾಷೆಯು ಕೆಟ್ಟ ಭಾಷೆಯೆಂದು ಲ್ಯಾಟಿನ್ ಪಂಡಿತರು ತಮ್ಮ ಮಾತನ್ನೇ ಹೀಗಳೆದ ತಪ್ಪನ್ನು ನಾವು ಮಾಡಬೇಕಾಗಿಲ್ಲ. ಇಂಗ್ಲಿಷಿನ ರಚನೆಯೇ ತರ್ಕಬದ್ಧವೆಂದೂ, ನಮ್ಮ ಮಕ್ಕಳ ಬಾಯಲ್ಲಿ ಬರುವ ಕನ್ನಡದ ದಾರಿಯು ಅಜ್ಞಾನವೆಂದೂ ತಿಳಿಯುವ ಇನ್ನೊಂದು ತಪ್ಪನ್ನೂ ಮಾಡಬೇಕಾಗಿಲ್ಲ. ತಪ್ಪನ್ನು ತಿದ್ದಲೇಬೇಕು, ಆದರೆ ಅದು ಎಲ್ಲಿಂದ ಬಂತೆಂಬುದನ್ನು ತಿಳಿದವನ ತಿದ್ದುಗೆಯಲ್ಲಿ ನಗೆಗೆ ಸ್ಥಳವಿರುವುದಿಲ್ಲ.

ನನ್ನ ಸೋದರಳಿಯನಿಗೆ ಇಷ್ಟನ್ನೂ ಒಂದೇ ಸಂಜೆಯಲ್ಲಿ ಹೇಳಲಿಲ್ಲ. ‘ಎರಡು ವಾಕ್ಯಗಳಲ್ಲಿ ಮೊದಲನೆಯದು ಅವರ ಮುತ್ತಜ್ಜಿಯ ಮಾತು, ಆಕೆಗೆ ನಮ್ಮ ಹಾಗೆಯೇ ಚತುರ್ಥಿ ಇದ್ದಿತು. ಎರಡನೆಯದು ಅದು ಕಳೆದುಹೋದ ಮೇಲೆ ಮೊಮ್ಮಕ್ಕಳು ಕಟ್ಟಿಕೊಂಡುದು’ ಎಂದು ಮಾತ್ರ ಹೇಳಿದೆನು. ಅವನು ಸ್ವಲ್ಪ ಹೊತ್ತು ಯೋಚಿಸಿ, ‘ಹಾಗಾದರೆ ಮಾವ, ನಮ್ಮ ‘ಗೆ’ ಇನ್ನೂ ಕಳೆದಿಲ್ಲವಲ್ಲ’ ಎಂದನು. ಇಲ್ಲವೆಂದೆನು. ಅವನು ಅಭ್ಯಾಸಪುಸ್ತಕವನ್ನು ಮುಚ್ಚಿ ತಾಯಿಗೆ ತೋರಿಸಲು ಒಳಗೆ ಹೋದನು.